ಓಡೋ ಗಾಡಿ ಸಾಕಷ್ಟಾದವು, ಈಗ ನಿಲ್ಲೋ ಗಾಡಿ ಕಟ್ಟೋಣ

ಆಫ್-ರೋಡ್ ಗಾಡಿ ಅಂದ ಕೂಡಲೇ ನಮ್ಮ ಹಾಸ್ಟೆಲಿನಲ್ಲಿ ಎಲ್ಲರ ಮೊಬೈಲಲ್ಲೂ ಒಂದೇ ಥರದ ವಿಡಿಯೋ ತೆರೆಯುತ್ತದೆ. ಎತ್ತರ ಮಾಡಿಸಿದ ಥಾರ್, ದಪ್ಪ ಟೈರು, ಕೆಸರು ಹಾರಿಸುತ್ತ ಗುಡ್ಡ ಹತ್ತೋ ದೃಶ್ಯ. ಆದರೆ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ನಿಜವಾದ ಆಫ್-ರೋಡ್ ಗಾಡಿ ಅದಲ್ಲ. ಕಬ್ಬಿನ ಹಂಗಾಮಿನಲ್ಲಿ, ಇನ್ನೂ ಹಸಿ ಆರದ ಎರಿ ಹೊಲದಿಂದ ಎರಡು ಟ್ರೇಲರ್ ಕಬ್ಬು ಎಳಕೊಂಡು ಒಡ್ಡು ಹತ್ತಿ ರಸ್ತೆಗೆ ಬರೋ ಟ್ರ್ಯಾಕ್ಟರ್ ಇದೆಯಲ್ಲ, ಅದು ನಮ್ಮ ಆಫ್-ರೋಡ್ ಗಾಡಿ. ಅದಕ್ಕೆ ಯಾರೂ ರೀಲ್ಸ್ ಮಾಡಲ್ಲ ಅಂತೇನಿಲ್ಲ, ಮಾಡ್ತಾರೆ. ಆದರೆ ಇಂಜಿನಿಯರಿಂಗ್ ಓದೋ ನಾವು ಅದನ್ನು ಇಂಜಿನಿಯರಿಂಗ್ ಅಂತ ನೋಡಲ್ಲ. ನಮ್ಮ ತಕರಾರು ಇರೋದೇ ಅಲ್ಲಿ.

ಕಂಪನಿಯಿಂದ ಬಂದ ಹಂಗೇ ಉಳಿದ ಟ್ರ್ಯಾಕ್ಟರ್ ನಮ್ಮ ಊರುಗಳಲ್ಲಿ ಹುಡುಕಿದರೂ ಸಿಗೋದು ಕಷ್ಟ. ಮುಂಗಾಲಿ ಏಳಬಾರದು ಅಂತ ಬಂಪರಿಗೆ ಕಬ್ಬಿಣದ ತೂಕ ಹೇರಿರ್ತಾರೆ. ಹಿಡಿತ ಸಿಗಲಿ ಅಂತ ಹಿಂದಿನ ಟೈರಿಗೆ ನೀರು ತುಂಬಿಸಿರ್ತಾರೆ. ಕೆಸರಿಗೆ ಕೇಜ್ ವ್ಹೀಲ್, ರಾತ್ರಿಗೆ ಮೇಲೆ ನಾಲ್ಕು ಲೈಟು, ನಿದ್ದೆ ಬರದಿರಲಿ ಅಂತ ಹಾಡಿನ ಪೆಟ್ಟಿಗೆ. ಎತ್ತಿನ ಗಾಡಿಯ ಮೂಕಿ ಕತ್ತರಿಸಿ ಹುಕ್ ಬೆಸೆದು ಟ್ರ್ಯಾಕ್ಟರಿಗೆ ಕಟ್ಟೋರಿದ್ದಾರೆ. ಹಳೆ ಬೈಕಿನ ಎಂಜಿನ್ನಿಗೆ ಎಡೆಕುಂಟಿ ಜೋಡಿಸೋರಿದ್ದಾರೆ. ಇದೆಲ್ಲ ನಡೆಯೋದು ಮನೆ ಮುಂದಿನ ಅಂಗಳದಲ್ಲಿ, ಇಲ್ಲವೇ ಊರ ಹೊರಗಿನ ವೆಲ್ಡಿಂಗ್ ಅಂಗಡಿಯಲ್ಲಿ. ಡ್ರಾಯಿಂಗ್ ಇಲ್ಲ, ಕ್ಯಾಡ್ ಇಲ್ಲ. ಸೀಮೆಸುಣ್ಣದಿಂದ ನೆಲದ ಮೇಲೆ ಗೀಟು ಹಾಕಿ, "ಇಷ್ಟ್ ಸಾಕೇನ್ರಿ?" ಅಂತ ಕೇಳಿ, ಮಿಸ್ತ್ರಿ ಕತ್ತರಿಸೋಕೆ ಶುರು ಮಾಡ್ತಾನೆ. ಸಂಜೆಗೆ ಗಾಡಿ ಓಡುತ್ತೆ.

ಇದನ್ನು ನಗೆಚಾಟಿಕೆ ಮಾಡೋರ ಜೊತೆ ನಾವಿಲ್ಲ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಊರೊಳಗೆ ನುಗ್ಗಿದಾಗ ಅಜ್ಜಿಯರನ್ನ, ದನಗಳನ್ನ, ಜ್ವಾರಿ ಚೀಲಗಳನ್ನ ಎತ್ತರದ ಜಾಗಕ್ಕೆ ಸಾಗಿಸಿದ್ದು ಇದೇ ಟ್ರ್ಯಾಕ್ಟರುಗಳು. ಕಲ್ಲೋಳ-ಯಡೂರ ಬಾಂದಾರ ಮಳೆಗಾಲದಲ್ಲಿ ಮುಳುಗೋದು ನಮಗೆಲ್ಲ ಗೊತ್ತಿರೋದೇ. ಇನ್ನು ಜಾತ್ರೆಯಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರನ್ನು ರಿವರ್ಸ್ ಓಡಿಸೋ ಸ್ಪರ್ಧೆ ನೋಡಿದವರಿಗೆ ಹೇಳಬೇಕಾಗಿಲ್ಲ. ಆ ಸ್ಟೇರಿಂಗ್ ಲೆಕ್ಕ ನಮ್ಮ ಸಿಲೆಬಸ್ಸಿನಲ್ಲಿ ಒಂದು ಪೂರ್ತಿ ಅಧ್ಯಾಯ. ಅವರಿಗೆ ಅದು ಕೈಯಲ್ಲೇ ಇದೆ.

ಇಂಥ ಕೈಚಳಕಕ್ಕೆ ದೇಶ ಬೆಲೆ ಕೊಟ್ಟ ಉದಾಹರಣೆಗಳೂ ಇವೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾಣಿ ಬುಲೆಟ್ ಮೋಟರ್ ಸೈಕಲ್ಲಿನ ಹಿಂದಿನ ಗಾಲಿ ತೆಗೆದು ಅಲ್ಲಿ ಬೇಸಾಯದ ಸಲಕರಣೆ ಕೂರಿಸಿದರು. ಆ 'ಬುಲೆಟ್ ಸಾಂತಿ'ಗೆ ನ್ಯಾಷನಲ್ ಇನ್ನೋವೇಶನ್ ಫೌಂಡೇಶನ್ನಿನ ಮನ್ನಣೆ ಸಿಕ್ಕಿತು, ಅಮೆರಿಕದ ಪೇಟೆಂಟೂ ಬಂತು. ಅಷ್ಟು ದೂರ ಯಾಕೆ? ಕಾಗವಾಡ ದಾಟಿದರೆ ಮಿರಜ, ಸಾಂಗಲಿ ಜಿಲ್ಲೆ. ಅದೇ ಜಿಲ್ಲೆಯ ದೇವರಾಷ್ಟ್ರೆ ಊರಿನ ದತ್ತಾತ್ರೇಯ ಲೋಹಾರ ಗುಜರಿ ಸಾಮಾನಿನಿಂದ ಒಂದು ಪುಟ್ಟ ಜೀಪು ಕಟ್ಟಿದರು. ಖರ್ಚು ಸುಮಾರು 60,000 ರೂಪಾಯಿ, ಸ್ಟಾರ್ಟ್ ಮಾಡೋಕೆ ಬೈಕಿನ ಹಂಗೆ ಕಿಕ್. 2021ರ ಡಿಸೆಂಬರಿನಲ್ಲಿ ಆನಂದ್ ಮಹೀಂದ್ರಾ ಅದರ ವಿಡಿಯೋ ಹಂಚಿಕೊಂಡು ಹೊಗಳಿದರು. 2022ರ ಜನವರಿಯಲ್ಲಿ ಆ ಜೀಪು ತಗೊಂಡು ಬದಲಿಗೆ ಹೊಸ ಬೊಲೆರೊ ಕೊಟ್ಟರು.

ಎಲ್ಲರೂ ಬೊಲೆರೊ ಕಥೆ ಹೇಳ್ತಾರೆ. ಆ ಕಥೆಯ ಇನ್ನೊಂದು ತುದಿಯನ್ನ ಮರೀತಾರೆ. ಆ ಜೀಪು ನಿಯಮಕ್ಕೆ ಹೊಂದೋದಿಲ್ಲ, ಇವತ್ತಲ್ಲ ನಾಳೆ ಅಧಿಕಾರಿಗಳು ತಡೀತಾರೆ ಅಂತ ಮಹೀಂದ್ರಾ ಅವರೇ ಬರೆದಿದ್ದರು. ಅಂದರೆ ಹೊಗಳಿಕೆ ಪೂರ್ತಿ, ರಸ್ತೆಗೆ ಮಾತ್ರ ಪ್ರವೇಶವಿಲ್ಲ. ಯಾಕೆ ಅನ್ನೋ ಪ್ರಶ್ನೆಯನ್ನ ಇಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಾವು ಕೇಳಲೇಬೇಕು.

ನಮ್ಮ ಅಭಿಪ್ರಾಯ ಇಷ್ಟೇ: ಮನೆಯಲ್ಲಿ ಕಟ್ಟಿದ, ಬದಲಾಯಿಸಿದ ಗಾಡಿಗಳೆಲ್ಲ 'ಓಡಬೇಕು' ಅನ್ನೋ ಒಂದೇ ಪ್ರಶ್ನೆಗೆ ಉತ್ತರ. ಎಳೀತದಾ? ಹತ್ತತದಾ? ಹುಗಿಯದೆ ಬರತದಾ? ಈ ಮೂರಕ್ಕೂ ನಮ್ಮ ಮಿಸ್ತ್ರಿಗಳ ಹತ್ತಿರ ಉತ್ತರ ಇದೆ. 'ನಿಲ್ತದಾ? ಮಗುಚತದಾ?' ಅನ್ನೋ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಆ ಲೆಕ್ಕ ಕಲಿತವರು ನಾವು. ಅದನ್ನ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬಿಟ್ಟು ಬರ್ತಾ ಇದ್ದೇವೆ.

ಒಂದು ಸಣ್ಣ ಲೆಕ್ಕ ಹಾಕೋಣ, ಪೆನ್ನು ತಗೊಳ್ಳಿ. ಟ್ರ್ಯಾಕ್ಟರ್, ಎರಡು ಟ್ರೇಲರ್, ಕಬ್ಬು ಎಲ್ಲಾ ಸೇರಿ 20 ಟನ್ ಅಂತ ಹಿಡಿಯಿರಿ. ವೇಗ ಗಂಟೆಗೆ 25 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಬ್ರೇಕ್ ಇರೋದು ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗೆ ಮಾತ್ರ, ಟ್ರೇಲರಿಗೆ ಇಲ್ಲ. ಆ ಎರಡು ಗಾಲಿ ಮೇಲೆ ಬೀಳೋ ಭಾರ 2.5 ಟನ್, ಘರ್ಷಣೆಯ ಗುಣಾಂಕ 0.5. ಗಾಲಿ ಪೂರ್ತಿ ಹಿಡಿದರೂ ಸಿಗೋ ಬ್ರೇಕಿನ ಬಲ ಸುಮಾರು 12.5 ಕಿಲೋನ್ಯೂಟನ್. ಅದು ನಿಲ್ಲಿಸಬೇಕಾದ್ದು 20 ಟನ್ನು. ಸಮತಟ್ಟು ರಸ್ತೆಯಲ್ಲಿ, ಡ್ರೈವರ್ ಕಾಲಿಟ್ಟ ಮೇಲೆ ಗಾಡಿ ನಿಲ್ಲೋಕೆ ಸುಮಾರು 39 ಮೀಟರ್ ಬೇಕು. ಎಲ್ಲಾ ಗಾಲಿಗೂ ಬ್ರೇಕ್ ಇದ್ದಿದ್ದರೆ? ಅದೇ ರಸ್ತೆಯಲ್ಲಿ 5 ಮೀಟರ್ ಸಾಕಿತ್ತು.

ಈಗ ರಸ್ತೆಯನ್ನ ಸ್ವಲ್ಪ ಇಳಿಜಾರು ಮಾಡಿ. 100 ಮೀಟರಿಗೆ 3 ಮೀಟರ್ ಇಳಿದರೆ 39 ಮೀಟರ್ ಇದ್ದದ್ದು 74 ಆಗುತ್ತೆ. 100ಕ್ಕೆ 6 ಮೀಟರ್ ಇಳಿದರೆ ಬ್ರೇಕಿನ ಬಲ, ಇಳಿಜಾರಿನ ಎಳೆತ ಹೆಚ್ಚುಕಡಿಮೆ ಸಮ. ಗಾಡಿ ನಿಲ್ಲೋದೇ ಇಲ್ಲ ಅಂತ ತಿಳಕೊಳ್ಳಿ. ಮುಂದಿನ ಸಲ ನಿಪ್ಪಾಣಿ ಹತ್ತಿರದ ಸ್ತವನಿಧಿ ಘಾಟಿನಲ್ಲಿ ಕಬ್ಬಿನ ಗಾಡಿ ಹಿಂದೆ ಬಸ್ಸಿನಲ್ಲಿ ಕೂತಾಗ ಈ ಲೆಕ್ಕ ನೆನಪಾಗಲಿ. ಎಂಜಿನ್ನಿನ ತಾಕತ್ತು ಹೆಚ್ಚಿಸೋ ಬದಲಾವಣೆ ಈ ಲೆಕ್ಕದಲ್ಲಿ ಒಂದು ಮೀಟರನ್ನೂ ಕಡಿಮೆ ಮಾಡಲ್ಲ.

ಇನ್ನು ಮಗುಚೋ ಮಾತು. ಟ್ರೇಲರಿನ ಹುಕ್ಕನ್ನ ಡ್ರಾಬಾರ್ ಬಿಟ್ಟು ಮೇಲೆ, ಹಿಂದಿನ ಆಕ್ಸಲಿಗಿಂತ ಎತ್ತರದಲ್ಲಿ ಕಟ್ಟಿದರೆ ಎಳೆಯೋ ಬಲವೇ ಮುಂಗಾಲಿಯನ್ನ ಎತ್ತುತ್ತೆ. ಟ್ರ್ಯಾಕ್ಟರ್ ಹಿಮ್ಮುಖವಾಗಿ ಡ್ರೈವರ್ ಮೇಲೇ ಬೀಳೋಕೆ ಎರಡು ಸೆಕೆಂಡ್ ಸಾಕು, ಹಾರಿಕೊಳ್ಳೋಕೆ ಪುರುಸೊತ್ತು ಇರಲ್ಲ. ಪಕ್ಕಕ್ಕೆ ಮಗುಚೋದೂ ಹಂಗೇ. ಗಾಲಿಗಳ ನಡುವಿನ ಅಂತರ 1.4 ಮೀಟರ್, ಗುರುತ್ವ ಕೇಂದ್ರದ ಎತ್ತರ 70 ಸೆಂ.ಮೀ. ಇರೋ ಜೀಪು ನಿಂತಲ್ಲೇ 45 ಡಿಗ್ರಿವರೆಗೆ ತಡೀತದೆ. ಸ್ಪ್ರಿಂಗ್, ದೊಡ್ಡ ಟೈರು ಹಾಕಿಸಿ ಆ ಕೇಂದ್ರವನ್ನ 90 ಸೆಂ.ಮೀ.ಗೆ ಏರಿಸಿದರೆ ಮಿತಿ 38 ಡಿಗ್ರಿಗೆ ಇಳೀತದೆ. ತಿರುವಿನಲ್ಲಿ ಇನ್ನೂ ಕಡಿಮೆ. ಥಾರ್ ಎತ್ತರ ಮಾಡಿಸೋ ಗೆಳೆಯರು ಇದನ್ನ ಒಮ್ಮೆ ಓದಿ.

ಇದಕ್ಕೆ ಮದ್ದು ಹೊಸದೇನಲ್ಲ. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಡ್ರೈವರನ್ನ ಕಾಯೋ ಗಟ್ಟಿ ಚೌಕಟ್ಟು ಕಡ್ಡಾಯ ಮಾಡಿತು. ಮುಂದಿನ ದಶಕಗಳಲ್ಲಿ ಟ್ರ್ಯಾಕ್ಟರ್ ಮಗುಚಿ ಸಾಯೋರ ಪ್ರಮಾಣ ಅಲ್ಲಿ ತಳ ಮುಟ್ಟಿತು. ಚೌಕಟ್ಟು ಅಂದರೆ ರಾಕೆಟ್ ಅಲ್ಲ. ಸರಿಯಾದ ಪೈಪು, ಸರಿಯಾದ ಬೆಸುಗೆ, ಸರಿಯಾದ ಜಾಗದಲ್ಲಿ ಬೋಲ್ಟು, ಜೊತೆಗೊಂದು ಸೀಟ್ ಬೆಲ್ಟು. ಬಿಸಿಲಿಗೆ ತಗಡಿನ ಮಾಡು ಕಟ್ಟೋ ನಮ್ಮ ಮಿಸ್ತ್ರಿಗೆ ಇದು ಕಷ್ಟದ ಕೆಲಸವಲ್ಲ. ಯಾವ ಪೈಪು, ಎಷ್ಟು ದಪ್ಪ, ಎಲ್ಲಿ ಬೋಲ್ಟು ಅಂತ ಅವನಿಗೆ ಹೇಳೋರು ಬೇಕು, ಅಷ್ಟೇ.

ಕಾನೂನಿನ ಕಡೆಯಿಂದಲೂ ಒಂದು ಮಾತು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿಯನ್ನ ಬದಲಾಯಿಸೋ ಹಂಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು ಅಂತ ಬಂತು. ನೀರೆತ್ತುವ ಎಂಜಿನ್ನು ಕೂರಿಸಿದ ಉತ್ತರ ಭಾರತದ 'ಜುಗಾಡ್' ಗಾಡಿಗಳೂ ಮೋಟಾರು ವಾಹನವೇ, ಕಾಯ್ದೆ ಅವಕ್ಕೂ ಅನ್ವಯ ಅಂತ 2013ರಲ್ಲೇ ಅದೇ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಂತ ಕೆಎ-23 ನಂಬರಿನ ಎಲ್ಲಾ ಟ್ರ್ಯಾಕ್ಟರುಗಳಿಗೂ ದಂಡ ಹಾಕಿ ಅಂತ ನಾವು ಹೇಳ್ತಿಲ್ಲ. ದಂಡದಿಂದ ಬ್ರೇಕ್ ಹುಟ್ಟಲ್ಲ. ಆದರೆ ಅಪಘಾತವಾದ ದಿನ ವಿಮೆಯವರು ಮೊದಲು ಕೇಳೋದು ಇದೇ ಬದಲಾವಣೆಗಳ ಬಗ್ಗೆ ಅನ್ನೋದು ಟ್ರ್ಯಾಕ್ಟರಿನ ಯಜಮಾನನಿಗೆ ಗೊತ್ತಿರಬೇಕು.

"ರೂಲ್ಸ್ ಹಚ್ಚಿದ್ರ ಜುಗಾಡ್ ಎಲ್ಲಿ ಉಳೀತೈತಿ?" ಅಂತ ಕೇಳೋ ಗೆಳೆಯರಿದ್ದಾರೆ. ಅವರಿಗೆ ನಮ್ಮ ಉತ್ತರ ಬಾಹಾ. ಇಂಜಿನಿಯರಿಂಗ್ ವಿದ್ಯಾರ್ಥಿಗಳೇ ಆಫ್-ರೋಡ್ ಗಾಡಿ ಕಟ್ಟಿ ಓಡಿಸೋ ಈ ಸ್ಪರ್ಧೆ ಅಮೆರಿಕದಲ್ಲಿ 1976ರಲ್ಲಿ ಶುರುವಾಯಿತು. ನಮ್ಮಲ್ಲಿ 'ಬಾಹಾ ಎಸ್‌ಎಇ ಇಂಡಿಯಾ' 2007ರಲ್ಲಿ ಇಂದೋರ್ ಹತ್ತಿರದ ಪೀತಂಪುರದಲ್ಲಿ ಆರಂಭವಾಯಿತು. ಎಂಜಿನ್ ಸುಮಾರು 10 ಅಶ್ವಶಕ್ತಿಯದು, ಅದನ್ನ ಮುಟ್ಟೋ ಹಂಗಿಲ್ಲ. ರೋಲ್ ಕೇಜಿನ ಪೈಪಿಗೆ ಹೊರವ್ಯಾಸ, ದಪ್ಪ, ಇಂಗಾಲದ ಪ್ರಮಾಣ ಎಲ್ಲಕ್ಕೂ ಅಳತೆ ಇದೆ. ಇಂಗಾಲ ಕನಿಷ್ಠ 0.18 ಶೇಕಡಾ ಇರಬೇಕು. ಬ್ರೇಕ್ ಒತ್ತಿದಾಗ ನಾಲ್ಕೂ ಗಾಲಿ ಲಾಕ್ ಆಗಬೇಕು. ಎಂಜಿನ್ ಬಂದ್ ಮಾಡೋಕೆ ಎರಡು ಸ್ವಿಚ್ಚು, ಒಂದು ಡ್ರೈವರ್ ಕೈಗೆ, ಇನ್ನೊಂದು ಹೊರಗಿನವರ ಕೈಗೆ. ಬ್ರೇಕ್ ಪರೀಕ್ಷೆ ಪಾಸಾಗದ ಗಾಡಿ ಎಷ್ಟು ಚಂದ ಇದ್ದರೂ ರೇಸಿಗೆ ಇಳಿಯೋ ಹಂಗಿಲ್ಲ. ಇಷ್ಟೆಲ್ಲ ಕಟ್ಟಳೆ ಇದ್ದರೂ ಪ್ರತಿ ಕಾಲೇಜಿನ ಗಾಡಿ ಬೇರೆ ಬೇರೆ ಥರ ಇರುತ್ತೆ. ಕಟ್ಟಳೆಯಿಂದ ಕಲ್ಪನೆ ಸಾಯಲ್ಲ, ಡ್ರೈವರ್ ಸಾಯೋದು ತಪ್ಪುತ್ತೆ.

ನಾವು ಕೇಳೋದು, ಆ ನಿಯಮದ ಪುಸ್ತಕ ಪೀತಂಪುರದ ಟ್ರ್ಯಾಕಿನಿಂದ ನಮ್ಮ ಕಬ್ಬಿನ ಹೊಲಕ್ಕೆ ಬರಲಿ. ಹೆಂಗೆ?

ಮೊದಲನೆಯದು, ಫೈನಲ್ ಇಯರ್ ಪ್ರಾಜೆಕ್ಟ್. ಪೇಟೆಯಿಂದ ರೆಡಿಮೇಡ್ ಕಿಟ್ ತಂದು, ಬಣ್ಣ ಬಳಿದು, ವೈವಾ ಮುಗಿಸಿ ಮೂಲೆಗೆ ತಳ್ಳೋ ಪ್ರಾಜೆಕ್ಟುಗಳು ಸಾಕು. ಟ್ರೇಲರಿಗೆ ಓವರ್‌ರನ್ ಬ್ರೇಕ್ ಮಾಡಿ ನೋಡಿ. ಮುಂದಿನ ಟ್ರ್ಯಾಕ್ಟರ್ ನಿಧಾನವಾದಾಗ ಹಿಂದಿನ ಟ್ರೇಲರ್ ಹುಕ್ಕನ್ನ ಮುಂದಕ್ಕೆ ತಳ್ಳುತ್ತೆ. ಆ ತಳ್ಳುವಿಕೆಯನ್ನೇ ಲಿವರ್ ಮೂಲಕ ಟ್ರೇಲರಿನ ಬ್ರೇಕಿಗೆ ಕೊಡೋದು. ಕರೆಂಟ್ ಬೇಡ, ಹೈಡ್ರಾಲಿಕ್ ಪಂಪ್ ಬೇಡ. ಯುರೋಪಿನಲ್ಲಿ ಸಣ್ಣ ಟ್ರೇಲರುಗಳಿಗೆ ಇದು ಮಾಮೂಲಿ. ನಮ್ಮ ಕಬ್ಬಿನ ಭಾರಕ್ಕೆ, ನಮ್ಮ ಧೂಳಿಗೆ, ಎರಡು ಟ್ರೇಲರಿನ ಸರಣಿಗೆ ಅದನ್ನ ಒಗ್ಗಿಸೋದೇ ಒಂದು ಬ್ಯಾಚಿಗೆ ಸಾಕಾಗುವಷ್ಟು ಕೆಲಸ. ಕಾಲೇಜಿನ ಮೈದಾನದಲ್ಲಿ ಪರೀಕ್ಷೆ ಮಾಡಿ, ಅಳೆದು, ಬರೆದಿಡಿ. ರಸ್ತೆಗೆ ಇಳಿಸೋ ಮೊದಲು ಮಂಜೂರಾತಿ ಬೇಕು. ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆಗಳು ಇರೋದು ಅದಕ್ಕೇ, ಪುಣೆ ನಮಗೇನೂ ದೂರವಲ್ಲ.

ಎರಡನೆಯದು, ಹಂಗಾಮು ಶುರುವಾಗೋ ಮೊದಲು ಒಂದು ದಿನ ವರ್ಕ್‌ಶಾಪಿನ ಬಾಗಿಲು ತೆರೆಯೋಣ. ಸುತ್ತಲಿನ ಊರಿನವರು ಟ್ರ್ಯಾಕ್ಟರ್ ತರಲಿ. ಹುಕ್ಕಿನ ಎತ್ತರ ಅಳೆಯೋಣ, ಪಿನ್ನು ಸವೆದಿದೆಯಾ ನೋಡೋಣ, ಎಡ-ಬಲ ಬ್ರೇಕ್ ಪೆಡಲ್ಲುಗಳನ್ನ ರಸ್ತೆಗೆ ಬರೋವಾಗ ಜೋಡಿಸಬೇಕು ಅಂತ ತೋರಿಸೋಣ, ಟ್ರೇಲರಿನ ಹಿಂದೆ ರಿಫ್ಲೆಕ್ಟರ್ ಅಂಟಿಸೋಣ. ಕತ್ತಲಲ್ಲಿ ನಿಂತ ಕಬ್ಬಿನ ಟ್ರೇಲರಿಗೆ ಬೈಕು ಗುದ್ದಿದ ಸುದ್ದಿ ಓದದ ಹಂಗಾಮು ನಮ್ಮಲ್ಲಿ ಯಾರಿಗಾದರೂ ನೆನಪಿದೆಯಾ?

ಮೂರನೆಯದು ಕನ್ನಡ ಬಳಗದ ಕೆಲಸ. ಒಂದೇ ಪುಟದ ನಿಯಮಪಟ್ಟಿ, ಮಿಸ್ತ್ರಿಗೆ ತಿಳಿಯೋ ಕನ್ನಡದಲ್ಲಿ, ಚಿತ್ರಸಮೇತ. 'ಸೆಂಟರ್ ಆಫ್ ಗ್ರ್ಯಾವಿಟಿ' ಅಂತ ಬರೆದರೆ ಅದು ಗೋಡೆಗೆ ಅಂಟಿಕೊಂಡೇ ಇರುತ್ತೆ. "ಹುಕ್ ಆಕ್ಸಲ್‌ಕಿಂತ ಕೆಳಗ ಇರ್ಲಿ, ಇಲ್ಲಂದ್ರ ಮುಂಗಾಲಿ ಏಳ್ತಾವ" ಅಂತ ಬರೆದರೆ ಅಂಗಡಿಯಲ್ಲಿ ಓದ್ತಾರೆ. ಗಡಿಭಾಗ ನೋಡಿ, ಹಿಂದೆ ಮರಾಠಿಯಲ್ಲೂ ಅಚ್ಚು ಹಾಕಿಸಬಹುದು.

ಒಂದು ವಿರೋಧವನ್ನ ನಾವು ಹಗುರವಾಗಿ ತಗೊಳ್ಳಲ್ಲ. ಸಾಗಾಟದ ಬಾಡಿಗೆ ಸಿಗೋದು ಟನ್ ಲೆಕ್ಕದಲ್ಲಿ. ಟ್ರ್ಯಾಕ್ಟರಿನ ಕಂತು ಕಟ್ಟಬೇಕು, ಕಬ್ಬು ಒಣಗೋ ಮೊದಲು ಕಾರ್ಖಾನೆ ಮುಟ್ಟಬೇಕು. ಅಂಥವನಿಗೆ "ಕಡಿಮೆ ಹೇರು" ಅಂತ ಪುಕ್ಕಟೆ ಉಪದೇಶ ಮಾಡೋದು ಸುಲಭ. ಅದಕ್ಕೇ ನಾವು ಉಪದೇಶದ ಬದಲು ಬ್ರೇಕಿನ ಮಾತಾಡ್ತಿರೋದು. ಟ್ರೇಲರಿನ ಬ್ರೇಕಿಗೆ ಖರ್ಚು ಬರುತ್ತೆ, ನಿಜ. ಆ ಖರ್ಚಿನಲ್ಲಿ ಕಬ್ಬು ತರಿಸಿಕೊಳ್ಳೋ ಸಕ್ಕರೆ ಕಾರ್ಖಾನೆಗಳೂ ಪಾಲು ಹೊರಬೇಕು ಅನ್ನೋದು ನಮ್ಮ ಅಭಿಪ್ರಾಯ. ಆದರೆ ಹಂಗೆ ಕೇಳೋಕೆ ಹೋದಾಗ ಕೈಯಲ್ಲಿ ಕೆಲಸ ಮಾಡೋ ಒಂದು ಮಾದರಿ, ಅಳೆದ ಅಂಕಿ ಇರಬೇಕು. ಬರೀ ಮನವಿಪತ್ರ ಸಾಲದು.

ನಮ್ಮಲ್ಲಿ ಎಷ್ಟೋ ಜನರ ಫೀ ಬಂದಿರೋದು ಇದೇ ಕಬ್ಬಿನ ಬಿಲ್ಲಿನಿಂದ, ಇದೇ ಟ್ರ್ಯಾಕ್ಟರಿನ ಬಾಡಿಗೆಯಿಂದ. ಆ ಸೀಟಿನ ಮೇಲೆ ರಾತ್ರಿ ಎರಡು ಗಂಟೆಗೆ ಕಾರ್ಖಾನೆ ಸಾಲಿನಲ್ಲಿ ಕೂತಿರೋದು ನಮ್ಮ ಕಾಕಾ, ನಮ್ಮ ಅಣ್ಣ. ಅವರು ಎಳೆಯೋದನ್ನ ನಮಗಿಂತ ಚೆನ್ನಾಗಿ ಬಲ್ಲರು. 39 ಮೀಟರನ್ನ 5 ಮೀಟರಿನ ಕಡೆ ತರೋ ಕೆಲಸ ನಮ್ಮದು. ಮುಂದಿನ ಪ್ರಾಜೆಕ್ಟ್ ಸಿನಾಪ್ಸಿಸ್ ಬರೆಯೋ ಮೊದಲು ಒಂದು ಟೇಪು ಹಿಡಕೊಂಡು ಹತ್ತಿರದ ವೆಲ್ಡಿಂಗ್ ಅಂಗಡಿಗೆ ಹೋಗಿ ಬರೋಣ. ಬರ್ತೀರಲ್ಲ?