‘ಸುಮ್‌ಸುಮ್ನೆ ಆಫ್ ಆಗುತ್ತೆ’ ಎಂಬ ಸುಳ್ಳು

ಕಂಪ್ಯೂಟರ್ ಹೊತ್ತುಕೊಂಡು ರಿಪೇರಿ ಅಂಗಡಿಗೆ ಬರುವವರು ಮೊದಲು ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಸುಮ್‌ಸುಮ್ನೆ ಆಫ್ ಆಗುತ್ತೆ ಸಾರ್.’ ಸ್ವಲ್ಪ ತಿಳಿದವರು ಅದನ್ನೇ ‘ರ್‍ಯಾಂಡಮ್ ಆಗಿ ಕ್ರ್ಯಾಶ್ ಆಗುತ್ತೆ’ ಎನ್ನುತ್ತಾರೆ. ಯಾವಾಗ ಆಗುತ್ತದೆ, ಯಾಕೆ ಆಗುತ್ತದೆ, ಗೊತ್ತಿಲ್ಲ ಎಂದು ಅರ್ಥ. ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕ ಮಾತು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ಸುಮ್‌ಸುಮ್ನೆ’ ಎಂಬ ಪದ ‘ನನಗೆ ಗೊತ್ತಿಲ್ಲ’ ಎಂಬುದನ್ನು ‘ಕಾರಣವೇ ಇಲ್ಲ’ ಎಂದು ಮಾಡಿಬಿಡುತ್ತದೆ. ನನ್ನ ಜಗಳ ಆ ಪದದ ಜೊತೆ. ಕಾರಣವೇ ಇಲ್ಲ ಎಂದೊಡನೆ ತಯಾರಿಸಿದವರು, ಮಾರಿದವರು, ರಿಪೇರಿ ಮಾಡುವವರು ಮೂವರೂ ಬಚಾವ್. ದುಡ್ಡು ಕಳೆದುಕೊಳ್ಳುವುದು ಕೊಂಡವರು ಮಾತ್ರ.

ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್ ಆಗಿದ್ದರಂತೂ ಈ ಆಟ ಇನ್ನೂ ಸಲೀಸು. ನಾನಿರುವ ವಸಂತಪುರದಲ್ಲಿ, ಕನಕಪುರ ರಸ್ತೆಯ ಆಚೀಚೆ, ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳು ಬಹಳ. ಪ್ರಾಜೆಕ್ಟು, ವಿಡಿಯೊ ಎಡಿಟಿಂಗ್, ಗೇಮು, ನೆಪ ಯಾವುದಾದರೂ ಇರಲಿ, ಕಂಪ್ಯೂಟರ್ ಕಟ್ಟಬೇಕು ಎನಿಸಿದ ಹುಡುಗ ಹುಡುಗಿಯರು ದೊಡ್ಡಕಲ್ಲಸಂದ್ರದಲ್ಲಿ ಮೆಟ್ರೊ ಹತ್ತಿ, ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದು, ಎಸ್.ಪಿ. ರೋಡಿಗೆ ನಡೆಯುತ್ತಾರೆ. ಪ್ರೊಸೆಸರ್ ಒಂದು ಅಂಗಡಿಯಲ್ಲಿ, ಮದರ್‌ಬೋರ್ಡ್ ಪಕ್ಕದಲ್ಲಿ, ರ್‍ಯಾಮ್ ಐನೂರು ರೂಪಾಯಿ ಕಡಿಮೆಗೆ ಸಿಕ್ಕ ಕಡೆ, ಪವರ್ ಸಪ್ಲೈ ಕೊನೆಗೆ ಉಳಿದ ದುಡ್ಡಿನಲ್ಲಿ. ಅಪ್ಪನ ಬೋನಸ್ಸೋ ಅಮ್ಮನ ಚೀಟಿ ಹಣವೋ ಹೀಗೆ ನಾಲ್ಕು ಬಿಲ್ಲುಗಳಾಗಿ ಮನೆಗೆ ಬರುತ್ತದೆ.

ಯಂತ್ರ ಕೆಟ್ಟಾಗ ಆ ನಾಲ್ಕು ಬಿಲ್ಲುಗಳೇ ನಾಲ್ಕು ಬಾಗಿಲುಗಳು. ರ್‍ಯಾಮ್ ಮಾರಿದವರು ಬೋರ್ಡು ನೋಡಿಸಿ ಎನ್ನುತ್ತಾರೆ. ಬೋರ್ಡಿನವರು ಪವರ್ ಸಪ್ಲೈ ಇರಬಹುದು ಎನ್ನುತ್ತಾರೆ. ಪವರ್ ಸಪ್ಲೈಯವರು ವಿಂಡೋಸ್ ಕಡೆ ಬೆರಳು ತೋರಿಸುತ್ತಾರೆ. ವಿಂಡೋಸ್, ಏನೋ ತೊಂದರೆಯಾಗಿದೆ, ಮತ್ತೆ ಶುರುಮಾಡುತ್ತೇನೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ: ‘ನೀವೇ ಅಸೆಂಬಲ್ ಮಾಡಿದ್ದಲ್ವಾ?’ ಅದು ಪ್ರಶ್ನೆಯಲ್ಲ, ತೀರ್ಪು.

ನಮ್ಮ ಬೀದಿಯ ಒಂದು ಉದಾಹರಣೆ ಕೊಡುತ್ತೇನೆ. ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳ ಕಂಪ್ಯೂಟರ್ ವಾರಕ್ಕೆ ನಾಲ್ಕೈದು ಸಲ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಒಂದು ಅಂಗಡಿಯವರು ಎರಡು ಸಲ ಫಾರ್ಮ್ಯಾಟ್ ಮಾಡಿದರು. ಎರಡು ಸಲವೂ ದುಡ್ಡು ಹೋಯಿತು, ಎರಡನೆಯ ಸಲ ಸೆಮಿಸ್ಟರಿನ ಒಂದಷ್ಟು ಕೆಲಸವೂ ಹೋಯಿತು. ತೊಂದರೆ ಹಾಗೇ ಉಳಿಯಿತು. ಮೂರನೆಯ ಸಲ ಬಂದ ಸಲಹೆ: ಮದರ್‌ಬೋರ್ಡ್ ಬದಲಿಸಿ. ಅವಳು ನನ್ನ ಹತ್ತಿರ ಬಂದಾಗ ನಾನು ಹೇಳಿದ್ದು ಇಷ್ಟೇ. ಎರಡು ವಾರ ಏನನ್ನೂ ಬದಲಿಸಬೇಡ. ಒಂದು ನೋಟ್‌ಬುಕ್ ಇಟ್ಟುಕೋ. ಆಫ್ ಆದಾಗಲೆಲ್ಲ ದಿನ, ಗಂಟೆ, ಆಗ ಏನು ಓಡುತ್ತಿತ್ತು, ನೀಲಿ ಪರದೆ ಬಂತೇ ಅಥವಾ ಒಮ್ಮೆಲೇ ಕಪ್ಪಾಯಿತೇ, ಮನೆಯ ದೀಪ ಫ್ಯಾನುಗಳಿಗೆ ಏನಾಯಿತು, ಇಷ್ಟನ್ನು ಬರೆ.

ಎರಡು ವಾರದಲ್ಲಿ ಒಂಬತ್ತು ಸಾಲುಗಳಾದವು. ಒಂಬತ್ತನ್ನೂ ಒಟ್ಟಿಗೆ ನೋಡಿದರೆ ನಿಜಕ್ಕೂ ‘ಸುಮ್‌ಸುಮ್ನೆ’ ಎಂದೇ ಅನಿಸುತ್ತಿತ್ತು. ಆದರೆ ಆರು ಸಲ ಪರದೆ ಒಮ್ಮೆಲೇ ಕಪ್ಪಾಗಿತ್ತು, ಮೂರು ಸಲ ನೀಲಿ ಪರದೆ ಬಂದಿತ್ತು. ಆ ಆರೂ ಸಂಜೆಯ ಹೊತ್ತಿನವು, ಆರರಲ್ಲೂ ಕರೆಂಟು ಒಂದು ಕ್ಷಣ ಹೋಗಿ ಬಂದಿತ್ತು, ಆರರಲ್ಲೂ ಯಂತ್ರ ಭಾರದ ಕೆಲಸ ಮಾಡುತ್ತಿತ್ತು. ವಿಂಡೋಸಿನ ಈವೆಂಟ್ ವ್ಯೂವರ್ ತೆರೆದರೆ ಎಲ್ಲ ಒಂಬತ್ತಕ್ಕೂ ‘ಕರ್ನಲ್-ಪವರ್ 41’ ಎಂಬ ಒಂದೇ ದಾಖಲೆ. ಅಂಗಡಿಯವರು ಇದನ್ನು ತೋರಿಸಿ ‘ನೋಡಿ, ಬೋರ್ಡಿನ ಪವರ್ ಭಾಗ ಹೋಗಿದೆ’ ಎಂದಿದ್ದರಂತೆ. ಆ ದಾಖಲೆ ಹೇಳುವುದು ಅದನ್ನಲ್ಲ. ಸರಿಯಾಗಿ ಮುಚ್ಚದೆ ಯಂತ್ರ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ. ಅದನ್ನು ಬಿಡಿಸಿ ವಿವರ ನೋಡಿದರೆ ಬಗ್‌ಚೆಕ್ ಸಂಖ್ಯೆ ಸಿಗುತ್ತದೆ. ಆರರಲ್ಲಿ ಅದು ಸೊನ್ನೆ, ಎಂದರೆ ಏನಾಯಿತೆಂದು ಬರೆದಿಡಲೂ ವಿಂಡೋಸಿಗೆ ಪುರುಸೊತ್ತು ಸಿಕ್ಕಿಲ್ಲ. ಮೂರರಲ್ಲಿ ಸೊನ್ನೆ ಇರಲಿಲ್ಲ. ಅಲ್ಲಿಗೆ ಕಾಯಿಲೆ ಒಂದಲ್ಲ, ಎರಡು.

ಮೊದಲನೆಯದರ ಮೂಲ ಮನೆಯ ಇನ್ವರ್ಟರ್. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ಐವತ್ತು ಆವರ್ತನದ್ದು, ಒಂದು ಆವರ್ತನಕ್ಕೆ 20 ಮಿಲಿಸೆಕೆಂಡ್. ಕರೆಂಟು ಹೋದ ಮೇಲೆ ಕಂಪ್ಯೂಟರಿನ ಪವರ್ ಸಪ್ಲೈ ತನ್ನ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ತುಂಬು ಭಾರದಲ್ಲಿ ಉಸಿರು ಹಿಡಿಯುವುದು ಸುಮಾರು 16–17 ಮಿಲಿಸೆಕೆಂಡ್ ಮಾತ್ರ, ಅದೂ ಒಳ್ಳೆಯದಾಗಿದ್ದರೆ. ಭಾರ ಕಡಿಮೆಯಿದ್ದರೆ ಇನ್ನಷ್ಟು ಹೊತ್ತು ತಾಳುತ್ತದೆ. ಅಷ್ಟರೊಳಗೆ ಇನ್ವರ್ಟರ್ ಕೈ ಬದಲಿಸಬೇಕು. ಮನೆ ಬಳಕೆಯ ಹಲವು ಇನ್ವರ್ಟರುಗಳಲ್ಲಿ ಇದಕ್ಕೆಂದೇ ಒಂದು ಸ್ವಿಚ್ ಇರುತ್ತದೆ: ಯುಪಿಎಸ್ ಮೋಡ್‌ನಲ್ಲಿ ಬೇಗ ಬದಲಾಗುತ್ತದೆ, ಇನ್ನೊಂದರಲ್ಲಿ ನಿಧಾನ. ಫ್ಯಾನಿಗೆ ಆ ವ್ಯತ್ಯಾಸ ತಿಳಿಯುವುದೇ ಇಲ್ಲ, ಕಂಪ್ಯೂಟರಿಗೆ ಅದು ಪ್ರಾಣ. ಈ ಮನೆಯಲ್ಲಿ ಸ್ವಿಚ್ ನಿಧಾನದ ಕಡೆಗಿತ್ತು. ಖಾಲಿ ಕೂತಾಗ ತಾಳುತ್ತಿದ್ದ ಯಂತ್ರ ಗೇಮು, ರೆಂಡರಿಂಗ್ ಓಡುವಾಗ ತಾಳದೆ ಬೀಳುತ್ತಿತ್ತು. ಕರೆಂಟು ಹೋದಾಗಲೆಲ್ಲ ಬೀಳುತ್ತಿರಲಿಲ್ಲವಾದ್ದರಿಂದ ಯಾರೂ ಕರೆಂಟನ್ನು ಅನುಮಾನಿಸಿರಲಿಲ್ಲ. ಸ್ವಿಚ್ ಬದಲಿಸಿದ್ದಕ್ಕೆ ಖರ್ಚು ಸೊನ್ನೆ.

ಎರಡನೆಯದು ರ್‍ಯಾಮ್. ಮೂರು ನೀಲಿ ಪರದೆಗಳಲ್ಲೂ ಮೂರು ಬೇರೆ ಬೇರೆ ದೋಷಗಳ ಹೆಸರಿದ್ದವು. ಪ್ರತಿ ಸಲ ಬೇರೆ ಹೆಸರು ಬಂದಾಗ ನೆನಪಿನ ಕಡ್ಡಿಯನ್ನು ಮೊದಲು ಅನುಮಾನಿಸಬೇಕು. ಕೆಟ್ಟ ಜಾಗದಲ್ಲಿ ಆ ಹೊತ್ತಿಗೆ ಯಾವ ಪ್ರೋಗ್ರಾಮಿನ ಸಾಮಾನು ಇತ್ತೋ ಅದರ ಹೆಸರು ಹೊರಗೆ ಬರುತ್ತದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಆಗಿತ್ತು. ಡಬ್ಬದ ಮೇಲೆ ಅಚ್ಚಾಗಿರುವ ದೊಡ್ಡ ವೇಗದ ಸಂಖ್ಯೆ ಬರುವುದು ಇದನ್ನು ಆನ್ ಮಾಡಿದಾಗ, ಮತ್ತು ಇದು ಲೆಕ್ಕಕ್ಕೆ ಓವರ್‌ಕ್ಲಾಕಿಂಗೇ. ಅದನ್ನು ತೆಗೆದು ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿದೆವು. ಆಗಲೂ ತಪ್ಪುಗಳು ಬಂದವು. ಒಂದೊಂದೇ ಕಡ್ಡಿ ಹಾಕಿ ನೋಡಿದಾಗ ಒಂದರಲ್ಲಿ ಮಾತ್ರ ತಪ್ಪು. ಅದೇ ಕಡ್ಡಿಯನ್ನು ಬೇರೆ ಸ್ಲಾಟಿಗೆ ಹಾಕಿದಾಗಲೂ ತಪ್ಪು, ಒಳ್ಳೆಯ ಕಡ್ಡಿಯನ್ನು ಆ ಸ್ಲಾಟಿಗೆ ಹಾಕಿದಾಗ ಇಲ್ಲ. ಸ್ಲಾಟು ನಿರಪರಾಧಿ, ಬೋರ್ಡು ನಿರಪರಾಧಿ. ಫೋಟೊಗಳ ಸಮೇತ ಹೋದಾಗ ವಾರಂಟಿಯಲ್ಲಿ ಬೇರೆ ಕಡ್ಡಿ ಸಿಕ್ಕಿತು. ಹೊಸ ಮದರ್‌ಬೋರ್ಡ್ ಕೊಂಡಿದ್ದರೆ ಎರಡು ಕಾಯಿಲೆಗಳೂ ಹಾಗೇ ಉಳಿಯುತ್ತಿದ್ದವು.

ಇದು ಎಸ್.ಪಿ. ರೋಡಿನ ಅಗ್ಗದ ವ್ಯವಹಾರದ ಹಣೆಬರಹ, ದೊಡ್ಡ ಕಂಪನಿಗಳಲ್ಲಿ ಹೀಗಿಲ್ಲ ಎನ್ನುವವರಿಗೆ ಇಂಟೆಲ್ ಪ್ರಸಂಗವನ್ನು ನೆನಪಿಸುತ್ತೇನೆ. 2022 ಮತ್ತು 2023ರ ಅಕ್ಟೋಬರ್‌ಗಳಲ್ಲಿ ಬಿಡುಗಡೆಯಾದ ಅದರ 13 ಮತ್ತು 14ನೇ ತಲೆಮಾರಿನ ದುಬಾರಿ ಡೆಸ್ಕ್‌ಟಾಪ್ ಪ್ರೊಸೆಸರುಗಳು ‘ಸುಮ್‌ಸುಮ್ನೆ’ ಕ್ರ್ಯಾಶ್ ಆಗುತ್ತಿದ್ದವು. ಗೇಮುಗಳಲ್ಲಿ ಬರುತ್ತಿದ್ದ ಸಂದೇಶ, ವಿಡಿಯೊ ಮೆಮೊರಿ ಸಾಲದು ಎಂದು. ಓದಿದವರು ಗ್ರಾಫಿಕ್ಸ್ ಕಾರ್ಡನ್ನು ಬೈಯುವುದು ಸಹಜ. ಆಮೇಲೆ ಮದರ್‌ಬೋರ್ಡ್ ತಯಾರಕರು ಸಡಿಲ ಬಿಟ್ಟ ವಿದ್ಯುತ್ ಮಿತಿಗಳ ಮೇಲೆ ದೂರು ಹೋಯಿತು. 2024ರ ಜುಲೈನಲ್ಲಿ ಇಂಟೆಲ್ ತನ್ನದೇ ಮೈಕ್ರೋಕೋಡ್ ಪ್ರೊಸೆಸರಿಗೆ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ ಎಂದು ಹೇಳಿತು. ಆಗಸ್ಟ್‌ನಲ್ಲಿ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಚಿಪ್ಪುಗಳನ್ನು ಆ ತಿದ್ದುಪಡಿ ಸರಿಪಡಿಸಲಾರದು. ಅಲ್ಲಿಯ ತನಕ ತಮ್ಮ ರ್‍ಯಾಮು, ತಮ್ಮ ಕಾರ್ಡು, ತಮ್ಮ ಕೈಗಳನ್ನೇ ಅನುಮಾನಿಸಿಕೊಂಡ ಬಳಕೆದಾರರು ಎಷ್ಟೋ. ಸತ್ಯ ಹೊರಬಂದದ್ದು ‘ರ್‍ಯಾಂಡಮ್’ ಎಂಬ ಉತ್ತರವನ್ನು ಒಪ್ಪದೆ, ಯಾವ ಚಿಪ್ಪು, ಯಾವ ಗೇಮು, ಯಾವ ಸಂದೇಶ ಎಂದು ಪಟ್ಟಿ ಮಾಡುತ್ತ ಹೋದವರಿಂದ.

ನಿಜವಾದ ಆಕಸ್ಮಿಕ ಎನ್ನುವುದೂ ಇದೆಯಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆಕಾಶದಿಂದ ಬರುವ ಕಣವೊಂದು ತಾಗಿ ಮೆಮೊರಿಯ ಒಂದು ಬಿಟ್ ಉಲ್ಟಾ ಆಗಬಲ್ಲದು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಎಲೆಕ್ಟ್ರಾನಿಕ್ ಮತಯಂತ್ರ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚು ಕೊಟ್ಟಿತು. ಬರಲು ಸಾಧ್ಯವೇ ಇಲ್ಲದಷ್ಟು ಮತ ಬಂದಿದ್ದರಿಂದ ಮರು ಎಣಿಕೆಯಾಯಿತು. ವ್ಯತ್ಯಾಸ ಸರಿಯಾಗಿ 4096, ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ. ಒಂದೇ ಒಂದು ಬಿಟ್ ಮಗುಚಿದಾಗ ಆಗುವುದು ಅದೇ. ಬ್ರಹ್ಮಾಂಡ ಕಿರಣ ಇರಬಹುದು ಎಂಬ ಊಹೆಗೆ ಬಂದದ್ದು ಇಷ್ಟೆಲ್ಲ ಲೆಕ್ಕವಾದ ಮೇಲೆ. ‘ಆಕಸ್ಮಿಕ’ ಎನ್ನುವುದು ತನಿಖೆಯ ಕೊನೆಯ ಸಾಲಾಗಿ ಬಂದರೆ ಅದಕ್ಕೆ ಬೆಲೆ. ನಮ್ಮಲ್ಲಿ ಅದು ಮೊದಲ ಸಾಲು, ಅದರೊಂದಿಗೇ ತನಿಖೆ ಮುಗಿಯುತ್ತದೆ. ಗೂಗಲ್ ತನ್ನ ಸರ್ವರುಗಳನ್ನು ಅಧ್ಯಯನ ಮಾಡಿಸಿ 2009ರಲ್ಲಿ ಪ್ರಕಟಿಸಿದ ವರದಿ ಕೂಡ ಇದನ್ನೇ ಹೇಳುತ್ತದೆ: ವರ್ಷವೊಂದರಲ್ಲಿ ಶೇ. 8ಕ್ಕಿಂತ ಹೆಚ್ಚು ಮೆಮೊರಿ ಕಡ್ಡಿಗಳು ತಪ್ಪು ತೋರಿಸಿದ್ದವು, ಮತ್ತು ಆ ತಪ್ಪುಗಳಲ್ಲಿ ಹೆಚ್ಚಿನವು ಆಕಾಶದಿಂದ ಬಿದ್ದವಲ್ಲ, ಕಡ್ಡಿಯೇ ಕೆಟ್ಟಿದ್ದರಿಂದ ಆದವು. ಕೆಟ್ಟ ಕಡ್ಡಿ ಮತ್ತೆ ಮತ್ತೆ ಕೆಡುತ್ತದೆ. ಮತ್ತೆ ಮತ್ತೆ ಆಗುವುದನ್ನು ಹಿಡಿಯಬಹುದು.

ರಿಪೇರಿಯವರನ್ನು ಬೈದು ಮುಗಿಸುವುದು ಸುಲಭ. ಆದರೆ ಅವರು ಫಾರ್ಮ್ಯಾಟ್ ಮಾಡುವುದಕ್ಕೆ ನಾವೂ ಕಾರಣ. ಡಾಕ್ಟರು ಬರೀ ನಾಡಿ ಹಿಡಿದು ನೋಡಿದರೂ ಫೀಸು ಕೊಡುತ್ತೇವೆ. ರಿಪೇರಿಯವರು ಮೂರು ಗಂಟೆ ಕೂತು ಕಡ್ಡಿ ಬದಲಿಸಿ ಪರೀಕ್ಷಿಸಿ ‘ಬೋರ್ಡು ಚೆನ್ನಾಗಿದೆ’ ಎಂದರೆ ‘ಏನೂ ಮಾಡಲೇ ಇಲ್ವಲ್ಲ, ಯಾಕೆ ದುಡ್ಡು?’ ಎನ್ನುತ್ತೇವೆ. ಹುಡುಕುವ ಕೆಲಸಕ್ಕೆ ಕೂಲಿಯಿಲ್ಲ, ಬದಲಿಸುವ ಕೆಲಸಕ್ಕೆ ಮಾತ್ರ ಇದೆ. ಹಾಗಿರುವಾಗ ಅವರು ಬದಲಿಸುತ್ತಲೇ ಇರುತ್ತಾರೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕನ್ನು ಮೊದಲಿಗೆ ಗುರುತಿಸಿತು. ನಾಲ್ಕು ಬಿಲ್ಲುಗಳ ಡೆಸ್ಕ್‌ಟಾಪ್ ಆ ಪಟ್ಟಿಯಲ್ಲಿ ಹೆಸರಿಟ್ಟು ಸೇರಿಲ್ಲ. ಸೇರಿದರೂ, ಬಿಡಿಭಾಗ ಸಿಗುವುದಷ್ಟೇ ಹಕ್ಕಾದರೆ ಸಾಲದು. ಏನು ಕೆಟ್ಟಿದೆ ಎಂದು ತಿಳಿಯುವುದೂ ಹಕ್ಕಾಗಬೇಕು.

ಈ ಮಾತನ್ನು ಸಾಹಿತ್ಯದ ಪತ್ರಿಕೆಯಲ್ಲಿ ಯಾಕೆ ಆಡುತ್ತಿದ್ದೇನೆ? ಲಕ್ಷಣವನ್ನು ಸರಿಯಾಗಿ ಬರೆಯುವುದು ಗದ್ಯದ ಕೆಲಸ ಎಂಬ ಕಾರಣಕ್ಕೆ. ಆ ಹುಡುಗಿಯ ನೋಟ್‌ಬುಕ್ಕಿನ ಒಂಬತ್ತು ಸಾಲುಗಳು ಕನ್ನಡದಲ್ಲಿದ್ದವು, ‘ಫ್ಯಾನ್ ಸ್ವಲ್ಪ ನಿಧಾನ ಆಯ್ತು, ಮತ್ತೆ ಸರಿಯಾಯ್ತು’ ಎಂಬಂಥ ಸಾಲುಗಳು. ಕಂಪ್ಯೂಟರ್ ವಿಷಯ ಕನ್ನಡದಲ್ಲಿ ಹೇಳಲಾಗದು ಎನ್ನುವವರು ಒಮ್ಮೆ ಗ್ಯಾರೇಜಿಗೆ ಹೋಗಿ ಕಿವಿಗೊಡಬೇಕು. ‘ಎಂಜಿನ್ನು ಮಿಸ್ ಹೊಡೀತಿದೆ’, ‘ಪಂಪು ಏರ್ ಎಳೀತಿದೆ’, ‘ಕಾಯಿಲ್ ಸುಟ್ಟಿದೆ’, ‘ಕ್ಲಚ್ಚು ಜಾರ್ತಿದೆ’: ಒಂದೊಂದರಲ್ಲೂ ಲಕ್ಷಣವೋ ಕಾರಣವೋ ಖಚಿತವಾಗಿದೆ. ಶಾಲೆ ಬಿಟ್ಟ ಮೆಕ್ಯಾನಿಕ್ ಮೋಟಾರಿಗೆ ಕಂಡುಕೊಂಡ ಭಾಷೆಯನ್ನು ಪದವಿ ಪಡೆದ ನಾವು ಕಂಪ್ಯೂಟರಿಗೆ ಕಂಡುಕೊಂಡಿಲ್ಲ. ಅವರು ಬಿಚ್ಚಿ ನೋಡಿ ಮಾತಾಡಿದರು, ನಾವು ಮುಚ್ಚಿಟ್ಟುಕೊಂಡು ಮಾತಾಡುತ್ತೇವೆ.

ಕನ್ನಡ ಮತ್ತು ಕಂಪ್ಯೂಟರ್ ಎಂದೊಡನೆ ನಮ್ಮ ಸಭೆಗಳಲ್ಲಿ ಬರುವುದು ಫಾಂಟು, ಕೀಲಿಮಣೆ, ಯೂನಿಕೋಡ್. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಲ್ಲದಿದ್ದರೆ ಈ ಲೇಖನವನ್ನು ಇಷ್ಟು ಸಲೀಸಾಗಿ ಬರೆಯಲಾಗುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ನಾವು ಅಲ್ಲಿಗೇ ನಿಂತೆವು. ಯಂತ್ರದಲ್ಲಿ ಕನ್ನಡ ಬರೆಯುವ ಹಕ್ಕು ಗೆದ್ದು, ಯಂತ್ರದ ಬಗ್ಗೆ ಕನ್ನಡದಲ್ಲಿ ಬರೆಯುವ ಕೆಲಸ ಬಿಟ್ಟೆವು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ತಂದರು, ಕಾದಂಬರಿಕಾರರಿಗೆ ಇದು ಕೀಳು ಕೆಲಸ ಎಂದು ಅವರಿಗೆ ಅನಿಸಲಿಲ್ಲ. ಇವತ್ತು ತಂತ್ರಜ್ಞಾನದ ಕನ್ನಡ ಎಂದರೆ ಹೊಸ ಮೊಬೈಲಿನ ಬೆಲೆ ಮತ್ತು ಬಣ್ಣ. ಕೆಟ್ಟದ್ದನ್ನು ಹುಡುಕುವ ಕನ್ನಡ ಎಲ್ಲಿದೆ?

ಅದನ್ನು ನೀವೇ ಶುರುಮಾಡಬಹುದು. ಹಾಸ್ಟೆಲಿನಲ್ಲಿ, ಮನೆಯಲ್ಲಿ, ಯಾರಾದರೂ ‘ಸುಮ್‌ಸುಮ್ನೆ’ ಎಂದಾಗ ‘ಕಡೇ ಸಲ ಯಾವಾಗ?’ ಎಂದು ಕೇಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಫಾರ್ಮ್ಯಾಟ್ ಮಾಡುವ ಮುಂಚೆ ನಿಮ್ಮ ಕೆಲಸದ ಪ್ರತಿ ತೆಗೆದಿಡಿ, ಈವೆಂಟ್ ವ್ಯೂವರಿನ ಪುಟದ ಫೋಟೊ ಹಿಡಿದಿಡಿ. ಫಾರ್ಮ್ಯಾಟ್ ಆದ ಮೇಲೆ ಆ ಸಾಕ್ಷಿ ಇರುವುದಿಲ್ಲ. ಅಂಗಡಿಗೆ ಯಂತ್ರದ ಜೊತೆ ಆ ಹಾಳೆಯನ್ನೂ ಒಯ್ಯಿರಿ, ಹುಡುಕಿ ಕೊಟ್ಟವರಿಗೆ ಹುಡುಕಿದ್ದಕ್ಕೇ ದುಡ್ಡು ಕೊಡಿ. ವಾರಂಟಿ ನಿರಾಕರಿಸಿದರೆ ಗ್ರಾಹಕ ಆಯೋಗದ ಮುಂದೆ ನಿಮ್ಮ ಪರ ನಿಲ್ಲುವುದೂ ಬಿಲ್ಲು ಮತ್ತು ಆ ಹಾಳೆಯೇ. ‘ನೀವೇ ಅಸೆಂಬಲ್ ಮಾಡಿದ್ದಲ್ವಾ?’ ಎಂದು ಯಾರಾದರೂ ಕೇಳಿದರೆ, ಹೌದು, ಅದಕ್ಕೇ ಯಾವ ಭಾಗ ಕೆಟ್ಟಿದೆ ಎಂದು ನನಗೆ ಗೊತ್ತು ಎನ್ನಿ.