ಕಲ್ಲಿನ ಚರ್ಮ ಸುಲಿಯುವವರಿಗೆ

ಹರಿಹರದ ಹರಿಹರೇಶ್ವರ ಗುಡಿಯ ಮಂಟಪಕ್ಕೆ ಹೋದಾಗ ಒಂದು ಕಂಬವನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿ. ಬಳೆ ಜೋಡಿಸಿಟ್ಟ ಹಾಗೆ ಒಂದರ ಕೆಳಗೊಂದು ಏಣು, ನಡುವೆ ಕತ್ತಿಯಂಚಿನಷ್ಟು ತೆಳುವಾದ ಗೆರೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ ಇದು. ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ಇವು. ಇದೇ ಊರಿಗೆ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು, ಲೇತ್ ಯಂತ್ರಗಳಿಂದಲೇ ಊರಿನ ಹೆಸರು ದೂರ ಹೋಯಿತು. ಲೇತ್ ಅನ್ನ ಉಂಡ ಊರಿಗೆ ಆ ಕಂಬದ ಕೆಲಸ ಎಂಥದ್ದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹರಿಹರೇಶ್ವರನಿಗೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ನೀಲಿ ಫಲಕವಾದರೂ ಇದೆ. ಯಾವ ಪಟ್ಟಿಯಲ್ಲೂ ಇಲ್ಲದ ಹಳ್ಳಿಯ ಗುಡಿಗಳ ಗತಿ ಏನು?

ದಾವಣಗೆರೆ ಸೀಮೆಯ ಒಂದು ಊರಲ್ಲಿ ನಾನು ಚಿಕ್ಕವನಿದ್ದಾಗಿನಿಂದ ನೋಡುತ್ತ ಬಂದ ಒಂದು ಕಲ್ಲುಗುಡಿ ಇತ್ತು. ಊರಿನ ಹೆಸರು ಬೇಡ. ಮೊದಲು ಸುಣ್ಣ ಬಳಿದರು. ಆಮೇಲೆ ಕಂಬಗಳಿಗೆ ಬೆಳ್ಳಿ ಬಣ್ಣದ ಆಯಿಲ್ ಪೇಂಟು, ದ್ವಾರಪಾಲಕರ ತುಟಿಗೆ ಕೆಂಪು. ಬಣ್ಣ ಸಿಪ್ಪೆ ಎದ್ದಾಗ ಕಂಪ್ರೆಸರ್ ತರಿಸಿ ಮರಳು ಹೊಡೆಸಿದರು. ನಾನು ಹೋಗುವ ಹೊತ್ತಿಗೆ ಕೆಲಸ ಮುಗಿದಿತ್ತು. ದ್ವಾರಪಾಲಕರಿಗೆ ಬೆರಳಿರಲಿಲ್ಲ, ಕೊರಳ ಹಾರ ಅಳಿಸಿ ಬರೀ ಉಬ್ಬು ಉಳಿದಿತ್ತು. ಬಾಗಿಲ ಪಕ್ಕದ ಶಾಸನದಲ್ಲಿ ನಾನು ಬೆರಳಾಡಿಸಿ ಓದಲು ಕಲಿತ ಅಕ್ಷರಗಳು ಮಸುಕು ಗುಳಿಗಳಾಗಿದ್ದವು. ಕಮಿಟಿಯ ಹಿರಿಯರು ಹೆಮ್ಮೆಯಿಂದ, "ಗುಡಿ ಈಗ ಹೊಸಾದು ಆದಂಗೆ ಆತು ನೋಡ್ರಿ ಸರ" ಅಂದರು. ನನಗೆ ಮಾತು ಹೊರಡಲಿಲ್ಲ. ಅಂದು ಹೇಳದ್ದನ್ನು ಇಂದು ಹೇಳುತ್ತಿದ್ದೇನೆ: ಹೊಸದಾಗಲಿಲ್ಲ ಯಜಮಾನ್ರೇ, ಸತ್ತಿತು.

ಆ ಕಲ್ಲು ಯಾವುದು ಗೊತ್ತೇ? ಬಳಪದ ಕಲ್ಲು. ಗಣಿಯಿಂದ ಎತ್ತಿದಾಗ ಮೆತ್ತಗಿರುತ್ತದೆ, ಅದಕ್ಕೇ ಶಿಲ್ಪಿಯ ಉಳಿಗೆ ಅಷ್ಟು ಒಲಿಯಿತು. ಗಾಳಿ ಬಿಸಿಲಿಗೆ ಒಡ್ಡಿಕೊಳ್ಳುತ್ತ ಮೇಲ್ಮೈ ಗಟ್ಟಿಯಾಗುತ್ತ ಹೋಗುತ್ತದೆ. ಎಂಟುನೂರು ವರ್ಷದ ಮಳೆಯನ್ನು ತಡೆದದ್ದು ಆ ಚರ್ಮ. ಮರಳಿನ ಹೊಡೆತ ಮೊದಲು ಸುಲಿಯುವುದು ಅದನ್ನೇ. ಆಯಿಲ್ ಪೇಂಟಿನದು ಇನ್ನೊಂದು ಬಗೆಯ ಕೊಲೆ: ಒಳಗಿನ ತೇವ ಹೊರಬರಲು ದಾರಿಯಿಲ್ಲದೆ, ಬಣ್ಣದ ಜೊತೆ ಕಲ್ಲೂ ಪದರಪದರವಾಗಿ ಕಳಚುತ್ತದೆ.

ಇದು ಹಳ್ಳಿಯವರ ಅಜ್ಞಾನ ಎಂದು ಮೂಗು ಮುರಿಯುವ ಪಟ್ಟಣದವರು ಒಂದು ಸಂಗತಿ ಕೇಳಿ. ಅಥೆನ್ಸಿನ ಪಾರ್ಥೆನಾನ್ ಕ್ರಿಸ್ತಪೂರ್ವ 447ರಲ್ಲಿ ಶುರುವಾದ ಕಟ್ಟಡ. 1687ರಲ್ಲಿ ವೆನಿಸ್‌ನವರ ಗುಂಡು ಅದರೊಳಗಿನ ಮದ್ದಿನ ದಾಸ್ತಾನಿಗೆ ಬಿದ್ದು ನಡುಭಾಗ ಸಿಡಿಯಿತು. ಉಳಿದ ಶಿಲ್ಪಗಳಲ್ಲಿ ಬಹಳಷ್ಟನ್ನು ಲಾರ್ಡ್ ಎಲ್ಗಿನ್ ಲಂಡನ್ನಿಗೆ ಸಾಗಿಸಿದ. 1816ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಅಲ್ಲಿ 1937–38ರಲ್ಲಿ, ಹೊಸ ಗ್ಯಾಲರಿಗೆ ಬೆಳ್ಳಗೆ ಕಾಣಲಿ ಎಂದು ತಾಮ್ರದ ಉಳಿ, ಕಾರ್ಬೊರಂಡಮ್ ಹಿಡಿದು ಆ ಅಮೃತಶಿಲೆಯನ್ನು ಕೆರೆದರು. ಗ್ರೀಕರು ತಮ್ಮ ಶಿಲ್ಪಗಳಿಗೆ ಕೆಂಪು, ನೀಲಿ ಬಣ್ಣ ಹಚ್ಚುತ್ತಿದ್ದರು. ಬಿಳುಪು ಆ ಸಾಹೇಬರ ತಲೆಯಲ್ಲಿದ್ದ ಬಣ್ಣ. ಜಗತ್ತಿನ ದೊಡ್ಡ ಮ್ಯೂಸಿಯಮ್ಮೂ ನಮ್ಮ ಜೀರ್ಣೋದ್ಧಾರ ಕಮಿಟಿಯೂ ಮಾಡಿದ್ದು ಒಂದೇ ತಪ್ಪು: ಕಲ್ಲು ಹೇಗಿದೆಯೋ ಹಾಗೆ ನೋಡಲು ಕಣ್ಣಿಲ್ಲದೆ, ತಮಗೆ ಬೇಕಾದಂತೆ ಹೊಳೆಯಿಸಿದ್ದು. ವ್ಯತ್ಯಾಸ ಇಷ್ಟೇ, ಅಲ್ಲಿ ಅದು ಹಗರಣವಾಯಿತು. ಇಲ್ಲಿ ಕಳಶಾರೋಹಣಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ, ಶಾಸಕರನ್ನು ಕರೆದು ಶಾಲು ಹೊದಿಸುತ್ತಾರೆ.

ಕಾಯಿದೆ ಇಲ್ಲವೇ? 1958ರ ಕೇಂದ್ರ ಕಾಯಿದೆ ಇದೆ. ಸಂರಕ್ಷಿತ ಸ್ಮಾರಕ ಕೆಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2010ರ ತಿದ್ದುಪಡಿ ಹೇಳುತ್ತದೆ. ಆದರೆ ಪಟ್ಟಿಯಲ್ಲಿದ್ದರೆ ತಾನೇ ಆ ಕಾಯಿದೆ! ಪಟ್ಟಿಗೆ ಸೇರದ ಗುಡಿ, ಕೆರೆ ಏರಿಯ ವೀರಗಲ್ಲು, ಬಟ್ಟೆ ಒಗೆಯುವ ಕಲ್ಲಾಗಿರುವ ಶಾಸನ ಯಾರವು? ಬಿ. ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಈ ಸೀಮೆಯ ಶಾಸನಗಳನ್ನು ಪಡಿಯಚ್ಚು ತೆಗೆಸಿ ಅಚ್ಚು ಹಾಕಿಸಿದ. ಆ ಪುಸ್ತಕ ಹಿಡಿದು ಊರೂರು ತಿರುಗಿ, ಯಾವ ಕಲ್ಲು ಉಳಿದಿದೆ, ಯಾವುದು ಹೋಗಿದೆ ಎಂದು ಪ್ರತಿ ತಾಲ್ಲೂಕಿನಲ್ಲೂ ಎಣಿಸಿ ಬರೆದಿಡಲು ಇಲಾಖೆಗೆ ಏನು ಅಡ್ಡಿ?

ಕಮಿಟಿಯ ಹಿರಿಯರೇ, ನಿಮ್ಮ ಭಕ್ತಿಯನ್ನು ನಾನು ಹಳಿಯುತ್ತಿಲ್ಲ. ದೇವರಿಗೆ ಎಣ್ಣೆ ಹಾಕಿ, ದೀಪ ಹಚ್ಚಿ, ಸೋರುವ ಮಾಳಿಗೆ ರಿಪೇರಿ ಮಾಡಿಸಿ, ಗೋಡೆ ಸಂದಿಯ ಅರಳಿಗಿಡ ಕೀಳಿಸಿ. ಕಂಪ್ರೆಸರ್‌ನವನಿಗೆ ಮುಂಗಡ ಕೊಡುವ ಮೊದಲು ಪುರಾತತ್ವ ಇಲಾಖೆಗೆ ಒಂದು ಅರ್ಜಿ ಬರೆಯಿರಿ. ಅವರು ಬಂದು ನೋಡುವವರೆಗೆ ಕಂಬ ಮುಟ್ಟಬೇಡಿ.