ಹರ್ಟ್ಸ್ ಎಷ್ಟಿರಬೇಕು? ಮಾನಿಟರನ್ನೇ ಕೇಳಿ

ಚೆನ್ನಾಗಿರುವ ಮಾನಿಟರುಗಳು ಗುಜರಿಗೆ ಹೋಗುತ್ತಿವೆ. ಅವು ಕೆಟ್ಟಿರುವುದಿಲ್ಲ. ಲಿನಕ್ಸ್ ಹಾಕಿದ ಮೇಲೆ ಯಾರೋ ರಿಫ್ರೆಶ್ ರೇಟ್ ಏರಿಸಿರುತ್ತಾರೆ, ಪರದೆ ಕಪ್ಪಾಗಿ ‘ಔಟ್ ಆಫ್ ರೇಂಜ್’ ಎಂದು ಬಂದಿದ್ದೇ ತಡ, ‘ಇದರ ಕಥೆ ಮುಗೀತು’ ಎಂದು ತೀರ್ಮಾನಿಸಿರುತ್ತಾರೆ. ದಾವಣಗೆರೆಯ ಸರಸ್ವತಿ ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನ್ನ ಬಳಿಗೆ ಇಂಥವು ಬರುತ್ತಲೇ ಇರುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತ ಮೇಲೆ ಇನ್ನೂ ಹೆಚ್ಚಾಗಿವೆ. ವಿಂಡೋಸ್ 11 ಒಪ್ಪದ ಹಳೆ ಯಂತ್ರಗಳಿಗೆ ಜನ ಮಿಂಟ್, ಉಬುಂಟು ಹಾಕಿಸುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಒಂದು ಮಾತು: ಮಾನಿಟರ್ ತಾನಾಗಿ ಹೇಳಿದ ಅಂಕಿಯನ್ನು ಮೀರಬೇಡಿ, ಅದು ಹೇಳದಿದ್ದರೆ ನೀವು ಊಹಿಸಬೇಡಿ.

‘ಹರ್ಟ್ಸ್ ಜಾಸ್ತಿಯಾದಷ್ಟೂ ಕಣ್ಣಿಗೆ ಒಳ್ಳೆಯದು’ ಎನ್ನುವುದು ಸುಳ್ಳೇನಲ್ಲ, ಹಳತಾಗಿದೆ ಅಷ್ಟೆ. ಅದು ಡುಬ್ಬದ ಸಿಆರ್‌ಟಿ ಮಾನಿಟರುಗಳ ಕಾಲದ ಮಾತು. ಅವುಗಳಲ್ಲಿ ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಮೂಡಿದರೆ ಮಿನುಗು ಕಣ್ಣಿಗೆ ಹೊಡೆಯುತ್ತಿತ್ತು. 75ಕ್ಕೋ 85ಕ್ಕೋ ಏರಿಸಿದರೆ ಹಾಯೆನಿಸುತ್ತಿತ್ತು. ಏರಿಸುವುದಕ್ಕೂ ಒಂದು ಲೆಕ್ಕವಿತ್ತು. 1024×768 ಚಿತ್ರಕ್ಕೆ ಕಾಣದ ಗೆರೆಗಳೂ ಸೇರಿ 806 ಗೆರೆ. ಸೆಕೆಂಡಿಗೆ 60 ಸಲ ಎಂದರೆ 48 ಸಾವಿರಕ್ಕೂ ಹೆಚ್ಚು ಗೆರೆ, ಅಂದರೆ 48 ಕಿಲೋಹರ್ಟ್ಸ್. 75ಕ್ಕೆ ಏರಿಸಿದರೆ 60 ಕಿಲೋಹರ್ಟ್ಸ್ ಬೇಕು. ಮಾನಿಟರಿನ ತಾಕತ್ತು 54ಕ್ಕೇ ಮುಗಿದಿದ್ದರೆ? ರಕ್ಷಣೆ ಇದ್ದವು ಪರದೆ ಆರಿಸಿಕೊಂಡು ಸುಮ್ಮನಾಗುತ್ತಿದ್ದವು. ಇಲ್ಲದವುಗಳಲ್ಲಿ, ಟಿವಿ ಮೆಕ್ಯಾನಿಕ್‌ಗಳು ಎಲ್‌ಒಟಿ ಎನ್ನುವ ಟ್ರಾನ್ಸ್‌ಫಾರ್ಮರ್ ಮತ್ತು ಅದನ್ನು ನಡೆಸುವ ಟ್ರಾನ್ಸಿಸ್ಟರ್ ಕಾದು ಸುಟ್ಟುಹೋಗುವ ಅಪಾಯವಿತ್ತು. ಆಗ ಲಿನಕ್ಸ್ ಹಾಕುವವರು ಕೈಪಿಡಿ ನೋಡಿ ಅಡ್ಡದ ಮಿತಿ (ಸೆಕೆಂಡಿಗೆ ಎಷ್ಟು ಗೆರೆ), ಉದ್ದದ ಮಿತಿ (ಸೆಕೆಂಡಿಗೆ ಎಷ್ಟು ಚಿತ್ರ) ಎರಡನ್ನೂ ಕೈಯಾರೆ ಬರೆಯಬೇಕಿತ್ತು.

ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳ ಮೇಲೆ ದುಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಯಾವ ಗೇರಿಗೆ ಎಷ್ಟು ಆರ್‌ಪಿಎಂ ಎಂಬ ತಗಡಿನ ಪಟ್ಟಿ ಲೇತ್‌ನ ಮೈಮೇಲೇ ಇರುತ್ತದೆ. ಅದನ್ನು ನೋಡದೆ ಲಿವರ್ ಎಳೆಯುವವನು ಕೆಲಸಗಾರನಲ್ಲ. ಮಾನಿಟರಿನೊಳಗೂ ಅಂಥ ಪಟ್ಟಿಯಿದೆ, ಹೆಸರು ಇಡಿಐಡಿ. 1994ರಲ್ಲಿ ಬಂದದ್ದು, ಮೂಲ ರೂಪದಲ್ಲಿ ಬರೀ 128 ಬೈಟ್. ಕೇಬಲ್ ಚುಚ್ಚಿದೊಡನೆ ಮಾನಿಟರ್ ತನ್ನ ಮಿತಿಗಳನ್ನು ಇದರ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ. ಲಿನಕ್ಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಕಾಣುವ ದರಗಳು ಸಾಮಾನ್ಯವಾಗಿ ಅಲ್ಲಿಂದಲೇ ಬಂದವು. ಆ ಪಟ್ಟಿಯೊಳಗೆ ಯಾವುದನ್ನು ಆರಿಸಿದರೂ ಭಯಪಡಬೇಕಿಲ್ಲ.

ಹಾಗಾದರೆ ಎಡವಟ್ಟಾಗುವುದೆಲ್ಲಿ? ಬಹಳ ಸಲ ಕೇಬಲಿನಲ್ಲಿ. ವಿಜಿಎ ಕೇಬಲಿನ 12 ಮತ್ತು 15ನೇ ಸೂಜಿಗಳು ಈ ಮಾಹಿತಿಯನ್ನು ಸಾಗಿಸುತ್ತವೆ. ಅಗ್ಗದ ಕೇಬಲಿನಲ್ಲಿ ಆ ತಂತಿಗಳೇ ಇರುವುದಿಲ್ಲ, ಇಲ್ಲವೇ ಸೂಜಿ ಬಾಗಿರುತ್ತದೆ. ಮಾಹಿತಿ ಬಾರದಾಗ ಲಿನಕ್ಸ್ ಎಚ್ಚರಿಕೆಯಿಂದ 1024×768ಕ್ಕೆ ಇಳಿದು ಕೂರುತ್ತದೆ. ಅಕ್ಷರ ದಪ್ಪಗೆ ಕಂಡ ಯಜಮಾನರು ಯಾವುದೋ ವಿಡಿಯೊ ನೋಡಿ, ಇನ್ನಾರದೋ 75 ಹರ್ಟ್ಸ್ ಮಾನಿಟರಿಗೆ ಬರೆದ ಕಮಾಂಡನ್ನು ನಕಲು ಮಾಡಿ, ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನಾಗಿ ಓಡುವಂತೆ ಸೇರಿಸಿಬಿಡುತ್ತಾರೆ. ಆಮೇಲೆ ಬರೀ ಕತ್ತಲೆ. ಮೊನ್ನೆ ಬಂದ ಒಂದರ ಕೇಬಲ್ ತಿರುಗಿಸಿ ನೋಡಿದರೆ ಮೂರನೇ ಸಾಲಿನ ತುದಿಯ ಸೂಜಿ ಮಲಗಿತ್ತು. ಚಿಮಟದಿಂದ ನೆಟ್ಟಗೆ ಮಾಡಿ, ಆ ಕಮಾಂಡನ್ನು ಅಳಿಸಿದೆ. 1366×768, 60 ಹರ್ಟ್ಸ್ ಎಂದು ಮಾನಿಟರ್ ತಾನೇ ಹೇಳಿತು.

60 ಕಣ್ಣಿಗೆ ಸಾಕೇ ಎಂದರೆ, ಈಗಿನ ಎಲ್‌ಸಿಡಿ ಮಾನಿಟರಿನಲ್ಲಿ ಒಂದು ಚಿತ್ರ ಮುಂದಿನದು ಬರುವವರೆಗೂ ಹಾಗೇ ನಿಂತಿರುತ್ತದೆ. 60 ಹರ್ಟ್ಸ್ ಎಂದು ಅದು ಸಿಆರ್‌ಟಿಯ ಹಾಗೆ ಮಿನುಗುವುದಿಲ್ಲ. ಕಣ್ಣು ಉರಿದರೆ ಮೊದಲು ಬ್ರೈಟ್‌ನೆಸ್ ಸರಿಮಾಡಿ. ಪತ್ರ, ಲೆಕ್ಕ, ಡಿಟಿಪಿ ಕೆಲಸಕ್ಕೆ 60 ಧಾರಾಳ. ಮಗ ಗೇಮ್ ಆಡುತ್ತಾನೆ, 144 ಬೇಕು ಎಂದರೆ 144 ಹೇಳುವ ಮಾನಿಟರನ್ನೇ ಕೊಳ್ಳಿ, 60ರದ್ದನ್ನು ಹಿಗ್ಗಿಸಬೇಡಿ. 4ಕೆ ಪರದೆಯಲ್ಲಿ ಮೌಸ್ ತೆವಳುತ್ತಿದ್ದರೆ ಮಾತ್ರ ನೋಡಿ, 30ರಲ್ಲಿ ನಿಂತಿರಬಹುದು. ಎಚ್‌ಡಿಎಂಐ 1.4ರಲ್ಲಿ 4ಕೆಗೆ 30ರ ಆಚೆ ದಾರಿಯಿಲ್ಲ; 60 ಬೇಕೆಂದರೆ 2.0 ಬೇಕು.

ಬದಲಿಸಲೇಬೇಕೆಂದರೆ ಸೆಟ್ಟಿಂಗ್ ಮೂಲಕವೇ ಬದಲಿಸಿ. ಪರದೆ ಕಪ್ಪಾದರೆ ಗಾಬರಿಯಾಗಿ ಕೀಲಿಗಳನ್ನು ಒತ್ತಬೇಡಿ. ‘ಇದನ್ನೇ ಉಳಿಸಲೇ’ ಎಂಬ ಪ್ರಶ್ನೆಗೆ ಉತ್ತರ ಬಾರದಿದ್ದರೆ ಕೆಲವೇ ಸೆಕೆಂಡಿನಲ್ಲಿ ಹಳೆಯದಕ್ಕೆ ಮರಳುತ್ತದೆ. ಕಮಾಂಡ್ ಪ್ರಯೋಗಿಸುವವರು ಟರ್ಮಿನಲ್‌ನಲ್ಲಷ್ಟೇ ಪ್ರಯೋಗಿಸಿ. ಆಗ ಕಂಪ್ಯೂಟರ್ ಆರಿಸಿ ಹೊತ್ತಿಸಿದರೆ ಎಲ್ಲ ಮೊದಲಿನಂತಾಗುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕೇರಳದ ಶಾಲೆಗಳಲ್ಲಿ, ಕಾಸರಗೋಡಿನ ಕನ್ನಡ ಮಾಧ್ಯಮದವೂ ಸೇರಿ, ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಾರೆ. ನಮ್ಮ ಶಾಲೆಗಳಲ್ಲೂ ಅದು ಬೇರೂರಬೇಕೆಂಬುದು ನನ್ನಾಸೆ. ಆದರೆ ದಾನಿಗಳು ಕೊಟ್ಟ ಹತ್ತು ಬಗೆಯ ಮಾನಿಟರುಗಳಿರುವ ಲ್ಯಾಬ್‌ನಲ್ಲಿ ಎರಡು ಪರದೆ ಕಪ್ಪಾದರೆ ಸಾಕು, ‘ಲಿನಕ್ಸೇ ಸರಿ ಇಲ್ಲ’ ಎಂದು ಬೀಗ ಬೀಳುತ್ತದೆ. ಆದ್ದರಿಂದ ಲಿನಕ್ಸ್ ಹಾಕಿಕೊಡುವವರು ರೆಸಲ್ಯೂಶನ್, ರಿಫ್ರೆಶ್ ರೇಟ್ ಎರಡನ್ನೂ ಬರೆದು ಮಾನಿಟರಿನ ಬೆನ್ನಿಗೆ ಚೀಟಿ ಅಂಟಿಸಿ ಹೋಗಬೇಕು. ಮಾರುವ ಅಂಗಡಿಯವರು ಅದೇ ಅಂಕಿಗಳನ್ನು ಬಿಲ್ಲಿನಲ್ಲಿ ನಮೂದಿಸಬೇಕು, ಜೊತೆಗೆ ಸೂಜಿಗಳೆಲ್ಲ ಇರುವ ಕೇಬಲ್ ಕೊಡಬೇಕು. ಕೊಡದಿದ್ದರೆ ಕೌಂಟರ್ ಬಿಟ್ಟು ಕದಲಬೇಡಿ.